ಡಯಟ್‌ನಲ್ಲಿದ್ದುಕೊಂಡೇ ಪಿಜ್ಜಾ: ಕ್ಯಾಲೊರಿ ಕೂತಿರೋದೆಲ್ಲಿ, ಕತ್ತರಿ ಹಾಕಬೇಕಾದ್ದೆಲ್ಲಿ?

ಸೌತೆಬೀಜ (ಪ್ರಶ್ನೆ):

ದಿನಕ್ಕೆ 1,700 ಕ್ಯಾಲೊರಿ ಲೆಕ್ಕದಲ್ಲಿ ತೂಕ ಇಳಿಸ್ತಿದೀನಿ. ಶನಿವಾರ ರಾತ್ರಿ ಮನೇಲಿ ಪಿಜ್ಜಾ. ಅದನ್ನ ಬಿಡೋ ಉದ್ದೇಶ ಇಲ್ಲ, ಆದ್ರೆ ಆ ಊಟ 600ರ ಒಳಗೆ ಮುಗೀಬೇಕು. ಓಟಿಜಿ (ಮೇಜಿನ ಮೇಲಿಡೋ ಕರೆಂಟ್ ಓವನ್) ಇದೆ, 250 ಡಿಗ್ರಿವರೆಗೆ ಹೋಗುತ್ತೆ. ಡಿಜಿಟಲ್ ತಕ್ಕಡೀನೂ ಇದೆ.

ತೊಂದರೆಗಳು ಇವು. ಪೂರ್ತಿ ಗೋಧಿಹಿಟ್ಟಲ್ಲಿ ಮಾಡಿದ ಬೇಸ್ ಖಾಕ್ರಾ ಥರ ಗಟ್ಟಿ. ಲೋ ಫ್ಯಾಟ್ ಮೊಝರೆಲ್ಲಾ ಕರಗೋದೇ ಇಲ್ಲ, ಮೇಲೆ ಚರ್ಮ ಕಟ್ಟಿ ಕಂದಾಗುತ್ತೆ. ತರಕಾರಿ ಜಾಸ್ತಿ ಹಾಕಿದ್ರೆ ಮಧ್ಯ ಪೂರ್ತಿ ಒದ್ದೆ. ಹೊರಗಡೆಯಿಂದ ತರಿಸಿದ ದಿನ ಲೆಕ್ಕ ಹೇಗೆ ಹಿಡಿಯೋದು ಅನ್ನೋದೂ ಗೊತ್ತಾಗ್ತಿಲ್ಲ. ಆಪ್‌ನಲ್ಲಿ 'ಪಿಜ್ಜಾ, 1 ಸ್ಲೈಸ್' ಅಂತ ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತೆ.

ಗ್ರಾಂಲೆಕ್ಕ:

ಆಪ್‌ನಲ್ಲಿರೋ 'ಸ್ಲೈಸ್' ಲೆಕ್ಕ ಬಿಟ್ಟುಬಿಡಿ. ಸ್ಲೈಸ್ ಅನ್ನೋದು ಅಳತೆಯೇ ಅಲ್ಲ. ಪಿಜ್ಜಾದ ಕ್ಯಾಲೊರಿ ಹೆಚ್ಚುಕಮ್ಮಿ ಪೂರ್ತಿ ಇರೋದು ಮೂರೇ ವಸ್ತುಗಳಲ್ಲಿ: ಹಿಟ್ಟು, ಚೀಸ್, ಎಣ್ಣೆ. ಇವನ್ನ ಹಸಿಯಾಗಿದ್ದಾಗಲೇ ತೂಗಿ ಬರೆದಿಟ್ಟುಕೊಂಡ್ರೆ ಮುಕ್ಕಾಲು ಕೆಲಸ ಮುಗೀತು.

10 ಇಂಚಿನ ಒಂದು ಪಿಜ್ಜಾಗೆ ಲೆಕ್ಕ ಹೀಗೆ ಬರುತ್ತೆ. ಮೈದಾ 120 ಗ್ರಾಂ, 100 ಗ್ರಾಂಗೆ 350ರಂತೆ 420 ಕ್ಯಾಲೊರಿ. ಮೊಝರೆಲ್ಲಾ 60 ಗ್ರಾಂ, 100ಕ್ಕೆ ಸುಮಾರು 300ರಂತೆ 180 (ನಿಮ್ಮ ಪ್ಯಾಕೆಟ್ ಹಿಂದೆ ಏನಿದೆಯೋ ಅದನ್ನೇ ಹಿಡಿಯಿರಿ). 150 ಗ್ರಾಂ ಟೊಮೇಟೊ ಕುದಿಸಿ ಅರ್ಧಕ್ಕಿಳಿಸಿದ ಸಾಸ್, ಅದಕ್ಕೆ 2 ಗ್ರಾಂ ಎಣ್ಣೆ ಸೇರಿ 45. ದೊಣ್ಣೆಮೆಣಸು, ಈರುಳ್ಳಿ, ಅಣಬೆ ಎಲ್ಲಾ ಕೂಡಿ 120 ಗ್ರಾಂ ಹಾಕಿದ್ರೂ 35 ದಾಟಲ್ಲ. ಒಟ್ಟು 680. ಆರು ತುಂಡು ಮಾಡಿದ್ರೆ ತುಂಡಿಗೆ 113.

ಅಂದ್ರೆ ನಾಲ್ಕು ತುಂಡು ತಿಂದ್ರೂ 450ರ ಆಸುಪಾಸು. ಜೊತೆಗೆ 25 ಗ್ರಾಂ ಹೆಸರುಬೇಳೆ ನೆನೆಸಿ ಒಂದು ದೊಡ್ಡ ಸೌತೆಕಾಯಿ ಹಾಕಿ ಕೋಸಂಬರಿ ಮಾಡಿ, ಒಗ್ಗರಣೆ ಬಿಟ್ಟು, ಬರೀ ನಿಂಬೆಹುಳಿ. ಕಾಯಿತುರಿ ಒಂದು ಚಿಟಿಕೆ ಸಾಕು. ಅದು 120. ಊಟ 570ರಲ್ಲಿ ಮುಗೀತು. ಕೋಸಂಬರಿಯನ್ನ ಪಿಜ್ಜಾ ಬೇಯ್ತಿರುವಾಗಲೇ ತಿಂದು ಮುಗಿಸಿ. ಆಮೇಲೆ ತಿಂತೀನಿ ಅಂದ್ರೆ ಯಾರೂ ತಿನ್ನಲ್ಲ.

ಲೆಕ್ಕ ತಪ್ಪೋದು ಸಾಮಾನ್ಯವಾಗಿ ಎಣ್ಣೆಯಲ್ಲಿ. ಒಂದು ಟೀ ಚಮಚ 40, ಒಂದು ಟೇಬಲ್ ಚಮಚ 120. ಹಿಟ್ಟಿಗೆ ಒಂದಿಷ್ಟು, ಟ್ರೇಗೆ ಒಂದಿಷ್ಟು, ಅಂಚಿಗೆ ಒಂದಿಷ್ಟು, ತರಕಾರಿ ಬಾಡಿಸೋಕೆ ಒಂದಿಷ್ಟು ಅಂತ ಹೋದ್ರೆ ಒಂದು ಪಿಜ್ಜಾಗೆ 200 ಕ್ಯಾಲೊರಿ ಬರೀ ಎಣ್ಣೆ ಆಗಿರುತ್ತೆ, ರುಚಿಯಲ್ಲಿ ಗೊತ್ತೂ ಆಗಲ್ಲ. ಹಿಟ್ಟಿಗೆ ಎಣ್ಣೆ ಬೇಕಿಲ್ಲ. ಇಟ್ಟುಕೊಳ್ಳೋ ಆ ಒಂದು ಟೀ ಚಮಚವನ್ನ ಬೆಂದು ಹೊರಬಂದ ಮೇಲೆ ಮೇಲಿಂದ ಹನಿಸಿ. ಘಮ ಸಿಗೋದು ಅಲ್ಲಿ.

ಬೆಂದ ಪಿಜ್ಜಾ ತೂಗಿ, ಹಸಿ ಹಿಟ್ಟಿನ ಲೆಕ್ಕಕ್ಕೆ ಹೊಂದಿಸೋಕೆ ಹೋಗಬೇಡಿ. ಓವನ್‌ನಲ್ಲಿ ನೀರು ಆವಿಯಾಗಿ ತೂಕ ಇಳಿದಿರುತ್ತೆ, ಕ್ಯಾಲೊರಿ ಇಳಿದಿರಲ್ಲ.

ಹಿಟ್ಟುನೀರು:

ಮೇಲಿನ ಲೆಕ್ಕ ಸರಿ ಇದೆ. ಬೇಸ್ ಮತ್ತು ಚೀಸ್ ಬಗ್ಗೆ ನಾನು ಹೇಳ್ತೀನಿ.

ಮೊದಲು ಗೋಧಿಹಿಟ್ಟು. ಕ್ಯಾಲೊರಿ ಉಳಿಸೋಕೆ ಅಂತ ಅದನ್ನ ಹಾಕ್ತಿದ್ರೆ ಶ್ರಮ ದಂಡ. 120 ಗ್ರಾಂಗೆ ಮೈದಾ 420, ಗೋಧಿಹಿಟ್ಟು 410. ಲಾಭ ಇರೋದು ನಾರಿನಲ್ಲಿ: ಅಷ್ಟೇ ಹಿಟ್ಟಲ್ಲಿ ಮೈದಾಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹೊಟ್ಟೆ ಬೇಗ ತುಂಬುತ್ತೆ. ಅದು ಬೇಕಿದ್ರೆ ಅರ್ಧಕ್ಕರ್ಧ ಮಾಡಿ, ಪೂರ್ತಿ ಬೇಡ. ರಾಗಿಹಿಟ್ಟು ಸೇರಿಸೋರು ಕಾಲು ಭಾಗ ದಾಟಬಾರದು. ಅದರಲ್ಲಿ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್) ಇಲ್ಲ, ಬೇಸ್ ಎಳೆಯೋಕೆ ಹೋದ್ರೆ ಹರಿಯುತ್ತೆ.

ಖಾಕ್ರಾ ಆಗೋಕೆ ಕಾರಣ ಹೆಚ್ಚಾಗಿ ಮೂರು, ಮೂರೂ ಒಟ್ಟಿಗೆ ಸೇರಿಕೊಂಡಿರುತ್ತವೆ. ಚಪಾತಿ ಹದಕ್ಕೆ ಕಲಸಿರ್ತೀರಿ, ಅಲ್ಲಿಗೆ ನೀರು ಕಡಿಮೆ. ಲಟ್ಟಣಿಗೆಯಲ್ಲಿ ಲಟ್ಟಿಸಿ ಒಳಗಿನ ಗಾಳಿಯೆಲ್ಲ ಹೊರಗೆ ಹಾಕಿರ್ತೀರಿ. ಆಮೇಲೆ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಒಣಗಿಸಿರ್ತೀರಿ.

ಹೀಗೆ ಮಾಡಿ: 60 ಗ್ರಾಂ ಮೈದಾ, 60 ಗ್ರಾಂ ಗೋಧಿಹಿಟ್ಟು, 82 ಗ್ರಾಂ ನೀರು (ಪೂರ್ತಿ ಮೈದಾ ಆದ್ರೆ 75 ಸಾಕು). ಇಷ್ಟನ್ನೇ ಕಲಸಿ ಅರ್ಧ ಗಂಟೆ ಮುಚ್ಚಿಡಿ, ತೌಡು ನೀರು ಕುಡೀಲಿ. ಆಮೇಲೆ ಉಪ್ಪು 2.5 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಟೀ ಚಮಚದ ಎಂಟನೇ ಒಂದು ಭಾಗ ಹಾಕಿ ಐದು ನಿಮಿಷ ನಾದಿ. ಕೈಗೆ ಅಂಟುತ್ತೆ, ಅಂಟಲಿ; ಒಣಹಿಟ್ಟು ಉದುರಿಸಿ ಗಟ್ಟಿ ಮಾಡಬೇಡಿ, ಕೈ ಒದ್ದೆ ಮಾಡಿಕೊಳ್ಳಿ. ಒಂದು ಗಂಟೆ ಹೊರಗಿಟ್ಟು, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ಗೆ. 24ರಿಂದ 48 ಗಂಟೆ. ಶನಿವಾರ ರಾತ್ರಿಗೆ ಶುಕ್ರವಾರ ಬೆಳಿಗ್ಗೆ ಕಲಸಿದ್ರೆ ಸರಿಹೋಗುತ್ತೆ. ಚೀಸ್ ಕಡಿಮೆ ಹಾಕೋರಿಗೆ ಈ ನಿಧಾನದ ಹುದುಗು ಬಹಳ ಮುಖ್ಯ, ಯಾಕಂದ್ರೆ ಆಗ ಬೇಸ್‌ಗೇ ಒಂದು ರುಚಿ ಬರುತ್ತೆ. ಎರಡು ಗಂಟೇಲಿ ಉಬ್ಬಿಸಿದ ಹಿಟ್ಟಿನ ಸಪ್ಪೆತನ ಮುಚ್ಚೋಕೇ ಜನ ಚೀಸ್ ಸುರಿಯೋದು.

ಫ್ರಿಜ್‌ನಿಂದ ತೆಗೆದು ಎರಡು ಗಂಟೆ ಬಿಟ್ಟು, ಚಿರೋಟಿ ರವೆ ಉದುರಿಸಿದ ಮಣೆ ಮೇಲೆ ಬೆರಳ ತುದಿಯಿಂದ ಮಧ್ಯದಿಂದ ಹೊರಕ್ಕೆ ಒತ್ತಿ. ಎಳೆದಷ್ಟೂ ವಾಪಸ್ ಕುಗ್ಗಿದ್ರೆ ಬಲವಂತ ಬೇಡ, ಹದಿನೈದು ನಿಮಿಷ ಮುಚ್ಚಿಟ್ಟು ಮತ್ತೆ ಒತ್ತಿ. ರವೆ ಇದ್ರೆ ಜಾರಿಸೋದು ಸುಲಭ. ಕೆಳಗಿರೋ ಹೆಚ್ಚಿನದನ್ನ ಮಾತ್ರ ಒರೆಸಿ, ಇಲ್ಲದಿದ್ರೆ ಸುಟ್ಟು ಕಹಿಯಾಗುತ್ತೆ.

ಓಟಿಜಿಯಲ್ಲಿ ದಪ್ಪ ಕಬ್ಬಿಣದ ಹಂಚನ್ನ ಬೋರಲು ಹಾಕಿ (ಪ್ಲಾಸ್ಟಿಕ್ ಅಥವಾ ಮರದ ಹಿಡಿ ಇರೋದು ಬೇಡ), ಎರಡೂ ರಾಡ್ ಹಾಕಿ, 250ರಲ್ಲಿ 40 ನಿಮಿಷ ಕಾಯಿಸಿ. ದೀಪ ಆರಿತು ಅಂತ ಹತ್ತೇ ನಿಮಿಷಕ್ಕೆ ಪಿಜ್ಜಾ ಇಡಬೇಡಿ. ಆಗ ಕಾದಿರೋದು ಗಾಳಿ, ಹಂಚಲ್ಲ. ಚೆನ್ನಾಗಿ ಕಾದಿದ್ರೆ 7ರಿಂದ 9 ನಿಮಿಷದಲ್ಲಿ ಆಗುತ್ತೆ, ಬೇಸ್ ಒಣಗೋಕೆ ಸಮಯವೇ ಇರಲ್ಲ.

ಈಗ ಚೀಸ್. ಲೋ ಫ್ಯಾಟ್ ಬಿಟ್ಟುಬಿಡಿ ಅಂತಲೇ ನನ್ನ ಅಭಿಪ್ರಾಯ. ಚೀಸ್ ಕಾಯುವಾಗ ಒಳಗಿನ ಕೊಬ್ಬು ಸ್ವಲ್ಪ ಹೊರಬಂದು ಎಳೆಗಳ ಮೇಲೆ ಪದರ ಕಟ್ಟುತ್ತೆ, ಅದರಿಂದ ತೇವ ಬೇಗ ಹೋಗಲ್ಲ. ಕೊಬ್ಬು ಸಾಲದಿದ್ದಾಗ ಕರಗೋ ಮೊದಲೇ ಮೇಲ್ಮೈ ಒಣಗಿ ಚರ್ಮವಾಗುತ್ತೆ. ನೀವು ನೋಡ್ತಿರೋದು ಅದೇ. 60 ಗ್ರಾಂ ಲೋ ಫ್ಯಾಟ್ ಹಾಕಿ ಉಳಿಸೋ ಕ್ಯಾಲೊರಿಯನ್ನ 45 ಗ್ರಾಂ ಮಾಮೂಲಿ ಮೊಝರೆಲ್ಲಾ ಹಾಕಿನೂ ಉಳಿಸಬಹುದು. ಸಣ್ಣ ತುರಿಮಣೆಯಲ್ಲಿ ತುರಿದ್ರೆ 45 ಗ್ರಾಂ 10 ಇಂಚಿಗೆ ಹರಡುತ್ತೆ, ಅಲ್ಲಲ್ಲಿ ಸಾಸ್ ಕಾಣುತ್ತೆ, ಕಾಣಲಿ. ಅದರ ಮೇಲೆ 8 ಗ್ರಾಂ ಪಾರ್ಮೆಸಾನ್ ಉದುರಿಸಿದ್ರೆ 30 ಕ್ಯಾಲೊರಿಗೆ 'ಚೀಸ್ ತಿಂದೆ' ಅನ್ನೋ ತೃಪ್ತಿ. ತುರಿದೇ ಬರೋ ಪ್ಯಾಕೆಟ್‌ಗಿಂತ ಗಟ್ಟಿ ಬ್ಲಾಕ್ ಒಳ್ಳೇದು. ತುರಿದದ್ದು ಒಂದಕ್ಕೊಂದು ಅಂಟದಿರಲಿ ಅಂತ ಪಿಷ್ಟದ ಪುಡಿ ಹಾಕಿರ್ತಾರೆ, ಸರಾಗವಾಗಿ ಕರಗಲ್ಲ.

ಒದ್ದೆಯಾಗೋದಕ್ಕೆ: ಅಣಬೆ ಮತ್ತು ದೊಣ್ಣೆಮೆಣಸನ್ನ ಎಣ್ಣೆ ಇಲ್ಲದೆ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಹುರಿದು ನೀರು ಹಾರಿಸಿ. ಟೊಮೇಟೊ ಬಿಲ್ಲೆ ಹಾಕೋದಾದ್ರೆ ಬೀಜದ ಭಾಗ ತೆಗೆಯಿರಿ. ಸಾಸ್ ಚಮಚದಲ್ಲಿ ಎತ್ತಿದ್ರೆ ನಿಲ್ಲಬೇಕು, ಸುರಿಯಬಾರದು. ನೀರಲ್ಲಿ ತೇಲಿಸಿ ಮಾರೋ ಹಸಿ ಮೊಝರೆಲ್ಲಾ ಆದ್ರೆ ಕತ್ತರಿಸಿ, ಬಟ್ಟೆ ಮೇಲೆ ಒಂದು ಗಂಟೆ ಇಡಿ.

ರೊಟ್ಟಿಹಂಚು:

ಓಟಿಜಿ ಇಲ್ಲದವ್ರಿಗೂ ಒಂದೀಟು ಬರೀತೀನ್ರಿ. ಒಬ್ಬರಿಗೆ ಸಾಕಾಗೂವಂಥ 8 ಇಂಚಿಂದು, ಯೀಸ್ಟ್ ಬ್ಯಾಡ, ರಾತ್ರಿ ನೆನಪಾದ್ರೂ ಆಗ್ತದ.

ಮೈದಾ 90 ಗ್ರಾಂ, ಮೊಸರು 60 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಉಪ್ಪು ಚಿಟಿಕಿ. ಕಲಸಿ ಹದಿನೈದು ನಿಮಿಷ ಬಿಡ್ರಿ. ಕೈಲೆ ತಟ್ರಿ, ರೊಟ್ಟಿ ತಟ್ಟಿದಂಗ. ಕಬ್ಬಿಣದ ಹಂಚು ಮಧ್ಯಮ ಉರಿಯೊಳಗ ಚಲೋತ್ನಂಗ ಕಾಯಲಿ. ಹಂಚು ಪಳಗಿತ್ತಂದ್ರ ಎಣ್ಣಿ ಬ್ಯಾಡ. ಬೇಸ್ ಹಾಕಿ ಎರಡು ನಿಮಿಷಕ್ಕ ಮ್ಯಾಲೆ ಗುಳ್ಳಿ ಬರ್ತಾವ, ಕೆಳಗ ಕಂದು ಚುಕ್ಕಿ ಬೀಳ್ತಾವ. ಆಗ ಹೊಳ್ಳಿ ಹಾಕಿ, ಉರಿ ಸಣ್ಣ ಮಾಡಿ, ಬೆಂದ ಬದಿಗೆ ಸಾಸ್, ಚೀಸ್ 40 ಗ್ರಾಂ, ಹುರಿದ ಕಾಯಿಪಲ್ಲೆ ಹಾಕಿ ಮುಚ್ರಿ. ನಾಲ್ಕೈದು ನಿಮಿಷ. ನಡುವ ಒಮ್ಮೆ ಮುಚ್ಚಳ ತೆಗೆದು ಒಳಗಿನ ಬೆವರು ಒರಸ್ರಿ, ಇಲ್ಲಂದ್ರ ಹನಿ ಬಿದ್ದು ಚೀಸ್ ಮ್ಯಾಲೆ ನೀರು ನಿಲ್ತದ. ಓವನ್‌ದಾಗ ಆದಂಗ ಮ್ಯಾಲೆ ಕೆಂಪಗ ಆಗೂದಿಲ್ಲ, ಅದಷ್ಟು ಬಿಡಬೇಕು.

ಹಿಟ್ಟು 315, ಮೊಸರು 35, ಚೀಸ್ 120, ಉಳಿದದ್ದು 40. ಪೂರಾ ಒಂದು ಪಿಜ್ಜಾ 510. ಹಂಚಿಕೋಳೋ ಪ್ರಶ್ನೆನ ಇಲ್ಲ, ಒಬ್ಬರ ಕುಂತು ತಿನ್ರಿ.

ಬೇಕರ್‍ಯಾಗ ಸಿಗೂ ರೆಡಿ ಬೇಸ್ ತಂದ್ರ ಮೊದಲ ತೂಗ್ರಿ. ಒಂದ ಅಳತಿ ಕಂಡ್ರೂ ಒಂದು 100 ಗ್ರಾಂ ಇರ್ತದ, ಇನ್ನೊಂದು 150. 100 ಗ್ರಾಂಗೆ 270-280 ಹಿಡದ್ರ ಒಂದ ಬೇಸಿನ್ಯಾಗ ನೂರಾ ನಲವತ್ತರ ಫರಕು.

ಗ್ರಾಂಲೆಕ್ಕ:

ಹೊರಗಡೆ ತರಿಸೋ ಪ್ರಶ್ನೆ ಉಳಿದಿತ್ತು. ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರೋ ಹೋಟೆಲ್ ಸರಪಳಿಗಳು ಮೆನುವಿನಲ್ಲಿ ಕ್ಯಾಲೊರಿ ಹಾಕಬೇಕು ಅನ್ನೋ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ 2022ರ ಜುಲೈಯಿಂದ ಜಾರಿಯಲ್ಲಿದೆ. ಹಾಗಾಗಿ ದೊಡ್ಡ ಸರಪಳಿಗಳ ಅಂಕಿ ಸಿಗುತ್ತೆ. ಓದುವಾಗ ಪಕ್ಕದಲ್ಲಿರೋ 'ಸರ್ವಿಂಗ್ ಸೈಜ್' ನೋಡಿ. ಅಂಕಿ ಒಂದು ಸರ್ವಿಂಗ್‌ಗೆ. ಅದು ಇಡೀ ಪಿಜ್ಜಾನೋ, ಒಂದು ತುಂಡೋ ಅಂತ ಖಚಿತ ಮಾಡಿಕೊಳ್ಳಿ. ಎಕ್ಸ್‌ಟ್ರಾ ಚೀಸ್, ಅಂಚಿನಲ್ಲಿ ಚೀಸ್ ತುಂಬಿದ್ದು, ಪ್ಯಾನ್ ಕ್ರಸ್ಟ್, ಇವೆಲ್ಲ ಬೇರೆ ಲೆಕ್ಕ. ಪ್ಯಾನ್ ಅಂದ್ರೆ ಎಣ್ಣೆ ಸವರಿದ ಪಾತ್ರೆಯಲ್ಲಿ ಬೆಂದಿದ್ದು, ತಳ ಗರಿಗರಿ ಆಗೋದೇ ಆ ಎಣ್ಣೆಯಿಂದ.

ಅಂಕಿ ಸಿಗದ ಸಣ್ಣ ಅಂಗಡಿಯಾದ್ರೆ ವಿಸ್ತೀರ್ಣ ಹಿಡಿಯಿರಿ. 7 ಇಂಚಿಂದು 38 ಚದರ ಇಂಚು, 10 ಇಂಚಿಂದು 78, 13 ಇಂಚಿಂದು 133. ರೆಗ್ಯುಲರ್‌ನಿಂದ ಮೀಡಿಯಂಗೆ ಹೋದ್ರೆ 'ಸ್ವಲ್ಪ ದೊಡ್ಡದು' ಅಲ್ಲ, ಸರಿಯಾಗಿ ಎರಡು ಪಟ್ಟು. ಮನೆಯ 10 ಇಂಚಿಂದು 680 ಇದ್ರೆ, ಅಂಗಡಿಯದು ಹೆಚ್ಚು ಹಿಟ್ಟು, ಹೆಚ್ಚು ಚೀಸ್, ಎಣ್ಣೆ ಸೇರಿ 1,000ಕ್ಕೆ ಕಡಿಮೆ ಅಂತ ಬರೆದುಕೊಳ್ಳಬೇಡಿ. ಒಬ್ಬರಿಗೆ ಅಂತಾದ್ರೆ 7 ಇಂಚಿನ ತೆಳು ಕ್ರಸ್ಟ್ ತರಿಸಿ, ಪೂರ್ತಿ ತಿನ್ನಿ.

ಊಟದ ಲೆಕ್ಕ ಕೆಡಿಸೋದು ಪಕ್ಕದಲ್ಲಿ ಬರೋ ಸಾಮಾನು. ಮೇಯೊನೇಸ್ ಡಿಪ್ 15 ಗ್ರಾಂ 100 ಕ್ಯಾಲೊರಿ, ಕೋಲಾ 330 ಎಂಎಲ್ 140, ಗಾರ್ಲಿಕ್ ಬ್ರೆಡ್ 100 ಗ್ರಾಂಗೆ 350ರ ಹತ್ತಿರ. ಈ ಮೂರೂ ಸೇರಿದ್ರೆ ಮನೆಯ ಐದು ತುಂಡು ಪಿಜ್ಜಾಗಿಂತ ಹೆಚ್ಚು. ಆರೆಗಾನೊ, ಚಿಲ್ಲಿ ಫ್ಲೇಕ್ಸ್ ಪೊಟ್ಟಣ ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ.

ಸೌತೆಬೀಜ:

ಎಲ್ಲರಿಗೂ ಥ್ಯಾಂಕ್ಸ್. ಇನ್ನು ಮೂರು ಸಂದೇಹ. ಹೂಕೋಸಿನ ಬೇಸ್ ನಿಜವಾಗ್ಲೂ ಕಡಿಮೆಯಾ? ಭಾನುವಾರ ಬೆಳಿಗ್ಗೆ ತೂಕ ಒಂದು ಕೆಜಿ ಏರಿರುತ್ತಲ್ಲ, ಅದು ಲೆಕ್ಕ ತಪ್ಪಿದ್ದಕ್ಕಾ? ಶನಿವಾರ ಮಧ್ಯಾಹ್ನದ ಊಟ ಬಿಟ್ಟರೆ ಸರಿಹೋಗುತ್ತಾ?

ಹಿಟ್ಟುನೀರು:

ಹೂಕೋಸು ಮಾತ್ರ ಆದ್ರೆ 100 ಗ್ರಾಂಗೆ 25 ಕ್ಯಾಲೊರಿ, ನಿಜ. ಆದ್ರೆ ಅದು ತಾನಾಗಿ ಒಂದಕ್ಕೊಂದು ಹಿಡಿಯಲ್ಲ. ಮೊಟ್ಟೆ, ಚೀಸ್, ಕೆಲವರು ಬಾದಾಮಿ ಪುಡಿ ಹಾಕಿ ಕಟ್ಟಿಸ್ತಾರೆ. 300 ಗ್ರಾಂ ಹೂಕೋಸು, ಒಂದು ಮೊಟ್ಟೆ, 60 ಗ್ರಾಂ ಚೀಸ್ ಹಾಕಿದ್ರೆ 325 ಆಯ್ತು. ಮೈದಾ ಬೇಸ್‌ಗಿಂತ 95 ಕಡಿಮೆ, ಅದಕ್ಕೆ ಹೂಕೋಸು ತುರಿದು, ಬೇಯಿಸಿ, ಬಟ್ಟೇಲಿ ಹಿಂಡೋ ರಗಳೆ. ಬಾದಾಮಿ ಪುಡಿ 50 ಗ್ರಾಂ ಸೇರಿದ್ರೆ ಮೈದಾವನ್ನೂ ದಾಟುತ್ತೆ. ಹೂಕೋಸು ಇಷ್ಟ ಇದ್ರೆ ಸಣ್ಣ ಹೂ ಮಾಡಿ ಹುರಿದು ಮೇಲೆ ಹಾಕಿ.

ಗ್ರಾಂಲೆಕ್ಕ:

ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಒಂದು ರಾತ್ರಿಯ ಪಿಜ್ಜಾದಿಂದ ಅದು ಬರಲ್ಲ. ಉಪ್ಪು ಹೆಚ್ಚಾದಾಗ ಮೈ ನೀರು ಹಿಡಿಯುತ್ತೆ. ಪಿಷ್ಟ ಹೆಚ್ಚಾದಾಗ ಅದು ಗ್ಲೈಕೊಜನ್ (ಮೈ ಕೂಡಿಡೋ ಸಕ್ಕರೆ) ಆಗಿ ಸ್ನಾಯುಗಳಲ್ಲಿ, ಪಿತ್ತಜನಕಾಂಗದಲ್ಲಿ ಕೂರುತ್ತೆ, ಪ್ರತಿ ಗ್ರಾಂ ಜೊತೆಗೆ ಮೂರು ಗ್ರಾಂನಷ್ಟು ನೀರು. ಜೊತೆಗೆ ಹೊಟ್ಟೆಯಲ್ಲಿರೋ ಆಹಾರದ ತೂಕ. ಎರಡು ಮೂರು ದಿನ ಮಾಮೂಲಿ ಊಟ ಮಾಡಿದ್ರೆ ಇಳಿಯುತ್ತೆ. ಹೋಲಿಸೋದಾದ್ರೆ ಬುಧವಾರದ ತೂಕವನ್ನ ಹಿಂದಿನ ಬುಧವಾರದ ಜೊತೆ ಹೋಲಿಸಿ.

ಮಧ್ಯಾಹ್ನ ಉಪವಾಸ ಬೇಡ. ರಾತ್ರಿ ಎಂಟಕ್ಕೆ ಹಸಿದ ಹೊಟ್ಟೇಲಿ ಕೂತ್ರೆ ನಾಲ್ಕು ತುಂಡಿಗೆ ನಿಲ್ಲೋದು ಕಷ್ಟ. ಅದರ ಬದಲು ವಾರದ ಉಳಿದ ದಿನ 50-60 ಕ್ಯಾಲೊರಿ ಉಳಿಸಿ, ದಿನಕ್ಕೆ ಒಂದೂವರೆ ಟೀ ಚಮಚ ಎಣ್ಣೆ ಕಡಿಮೆ ಮಾಡಿದ್ರೆ ಸಾಕು. ಶನಿವಾರಕ್ಕೆ 300ಕ್ಕೂ ಹೆಚ್ಚು ಜಾಗ ಸಿಗುತ್ತೆ. ಆಗ ಪೂರ್ತಿ ಪಿಜ್ಜಾ, ಕೋಸಂಬರಿ ಎರಡೂ ತಿನ್ನಬಹುದು.

ಹಿಟ್ಟುನೀರು:

ಮಿಕ್ಕ ತುಂಡುಗಳನ್ನ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ಗೆ, ಮೇಜಿನ ಮೇಲೆ ಬಿಟ್ಟರೆ ಹನ್ನೊಂದು ಗಂಟೆಗೆ ಯಾರೋ ಮುಗಿಸ್ತಾರೆ. ಮಾರನೇ ದಿನ ಮೈಕ್ರೋವೇವ್ ಬೇಡ, ಬೇಸ್ ರಬ್ಬರ್ ಆಗುತ್ತೆ. ಹಂಚಿನ ಮೇಲೆ ಎಣ್ಣೆ ಇಲ್ಲದೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಸಿಮಾಡಿ, ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಒಂದು ನಿಮಿಷ ಮುಚ್ಚಿದ್ರೆ ಚೀಸೂ ಮೆತ್ತಗಾಗುತ್ತೆ, ತಳಾನೂ ಗರಿಗರಿ.