ಬೆನ್ನಿನ ಆಪರೇಷನ್ ಆದಮೇಲೆ ರೇಕಿ ಮಾಡಿಸಬಹುದಾ? ಸರ್ಜನ್ ಜೊತೆ ಪ್ರಶ್ನೋತ್ತರ

ದಾವಣಗೆರೆ ಸದಸ್ಯೆ: ಡಾಕ್ಟ್ರೇ, ಸೊಂಟದ ಹತ್ತಿರದ ಎಲ್4-ಎಲ್5 ಡಿಸ್ಕ್ ಆಪರೇಷನ್ ಆಗಿ ಒಂದು ತಿಂಗಳಾಯಿತು. ನೋವು ಪೂರ್ತಿ ಹೋಗಿಲ್ಲ. ಪಕ್ಕದ ಮನೆಯವರು ರೇಕಿ (ಕೈಯಿಟ್ಟು ಶಕ್ತಿ ಹರಿಸುತ್ತೇವೆ ಅನ್ನುವ ಚಿಕಿತ್ಸೆ) ಕೊಡುತ್ತಾರೆ. ಮಾಡಿಸಲಾ?

ಡಾಕ್ಟರ್: ಮಾಡಿಸಿ. ಮನಸ್ಸಿಗೆ ಹಾಯೆನಿಸುತ್ತದೆ, ನಿದ್ದೆ ಬರುತ್ತದೆ, ಬಿಗಿದ ಸ್ನಾಯು ಸಡಿಲವಾಗಿ ನೋವೂ ಸ್ವಲ್ಪ ತಗ್ಗಬಹುದು. ಗಾಯದ ಮೇಲೆ ಕೈಯಿಟ್ಟು ಒತ್ತಬಾರದು. ಮಾತ್ರೆ, ನಡಿಗೆ, ಫಿಸಿಯೋ ಬಿಡಬಾರದು.

ತುಮಕೂರು ಸದಸ್ಯ: ಮೈ ಮುಟ್ಟದೆ ಕೈಯಾಡಿಸುವ ಪ್ರಾಣಿಕ್ ಹೀಲಿಂಗ್ ಆದರೆ?

ಡಾಕ್ಟರ್: ಅದೇ ಉತ್ತರ. ಮೇಲೆ ಓದಿ.

ಹಾಸನ ಸದಸ್ಯೆ: ಅಪ್ಪನಿಗೆ 62. ಆಪರೇಷನ್ ಆಗಿ ಮೂರು ವಾರ. ಆರಾಮಾಗಿದ್ದರು. ನಾಲ್ಕು ದಿನದಿಂದ ನೋವು ಜಾಸ್ತಿ, ಮಗ್ಗುಲು ಬದಲಿಸಿದರೂ ಕಿರುಚುತ್ತಾರೆ. ಸಂಜೆ ಮೈ ಬೆಚ್ಚಗಾಗುತ್ತದೆ. ಹೀಲರ್ "ಹಳೇ ನೋವು ಹೊರಗೆ ಬರ್ತಿದೆ, ಒಳ್ಳೇದೇ" ಅಂದರು. ಇನ್ನೂ ಐದು ಸಿಟ್ಟಿಂಗ್ ಬಾಕಿ ಇದೆ.

ಡಾಕ್ಟರ್: ಸಿಟ್ಟಿಂಗ್ ನಿಲ್ಲಿಸಿ. ಆಪರೇಷನ್ ಮಾಡಿದವರ ಹತ್ತಿರ ಇವತ್ತೇ ಕರೆದುಕೊಂಡು ಹೋಗಿ. ಇಳಿದಿದ್ದ ನೋವು ಎರಡರಿಂದ ನಾಲ್ಕು ವಾರದಲ್ಲಿ ಮತ್ತೆ ಏರಿದರೆ, ಡಿಸ್ಕ್ ಜಾಗದಲ್ಲಿ ಸೋಂಕು ಆಗಿದೆಯಾ ಅಂತ ನಾವು ಮೊದಲು ನೋಡುತ್ತೇವೆ. ಹೊಲಿಗೆ ಮೇಲ್ನೋಟಕ್ಕೆ ಚೆನ್ನಾಗಿ ಒಣಗಿರಬಹುದು, ಒಳಗೆ ಸೋಂಕು ಇರಬಹುದು. ಜೋರು ಜ್ವರ ಬರಲೇಬೇಕು ಅಂತಿಲ್ಲ. ಸಿಆರ್‌ಪಿ, ಇಎಸ್‌ಆರ್ ಅಂತ ಒಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆ ಮಾಡಿಸುತ್ತಾರೆ. ಆಪರೇಷನ್‌ನಿಂದ ಏರಿದ ಸಿಆರ್‌ಪಿ ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿದಿರುತ್ತದೆ. ಈಗಲೂ ಜಾಸ್ತಿ ಇದ್ದರೆ ಎಂಆರ್‌ಐ ಬೇಕಾಗುತ್ತದೆ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕೊಡಬೇಡಿ, ಯಾವ ರೋಗಾಣು ಅಂತ ಆಮೇಲೆ ಪತ್ತೆಯಾಗುವುದು ಕಷ್ಟ. ನರದ ಮೇಲೆ ಒತ್ತಡ ಬಿದ್ದಿದೆಯಾ ಅಂತ ತಿಳಿಯಲು ಕೇಳುತ್ತೇನೆ: ಮೂತ್ರ ಸಲೀಸಾಗಿ ಹೋಗುತ್ತಿದೆಯಾ? ಕೂರುವ ಜಾಗ ಮರಗಟ್ಟಿದೆಯಾ? ನಡೆಯುವಾಗ ಚಪ್ಪಲಿ ಕಳಚಿ ಬೀಳುತ್ತಿದೆಯಾ? ಉತ್ತರ ಕೊಡಿ.

ಬೆಂಗಳೂರು ಸದಸ್ಯೆ (ರೇಕಿ ಕಲಿಸುವವರು): ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಶುರು ಮಾಡಿದ ಪದ್ಧತಿ ಇದು. ಸುಮ್ನೆ ಹೆದರಿಸಬೇಡಿ.

ಮೈಸೂರು ಸದಸ್ಯ: ಅಮೆರಿಕದ ಎಮಿಲಿ ರೋಸಾ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಥೆರಪ್ಯೂಟಿಕ್ ಟಚ್ (ಮೈಮೇಲೆ ಕೈಯಾಡಿಸಿ ಶಕ್ತಿ ಸರಿಪಡಿಸುತ್ತೇವೆ ಅನ್ನುವ ಪದ್ಧತಿ) ಮಾಡುವ 21 ಜನರನ್ನು ಪರೀಕ್ಷೆ ಮಾಡಿದಳು. ಪರದೆಯ ಆಚೆ ಅವರ ಯಾವ ಕೈಯ ಮೇಲೆ ತನ್ನ ಕೈ ಇದೆ ಅಂತ ಹೇಳಬೇಕಿತ್ತು. ಸರಿ ಹೇಳಿದ್ದು ನೂರಕ್ಕೆ 44 ಸಲ, ಸುಮ್ನೆ ಊಹಿಸಿದರೂ 50 ಬರುತ್ತದೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲೇ ಬಂತು.

ಬೆಂಗಳೂರು ಸದಸ್ಯೆ: ಅದು ರೇಕಿ ಅಲ್ಲವೇ ಅಲ್ಲ!

ಮೈಸೂರು ಸದಸ್ಯ: ಕೈಗೆ ಶಕ್ತಿ ತಿಳಿಯುತ್ತದೆ ಅಂತ ನೀವೂ ಹೇಳ್ತೀರಿ ಅಲ್ವಾ?

ಬೆಂಗಳೂರು ಸದಸ್ಯೆ: ಒಂದು ಸಲವೂ ಮಾಡಿಸಿಕೊಳ್ಳದವರ ಹತ್ತಿರ ಏನು ಮಾತು.

ಚಿತ್ರದುರ್ಗ ಸದಸ್ಯ: ಫಾರ್ವರ್ಡ್ ಬಂದಿದೆ: ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಿಸಿ ಮಾಡಿ ಬೆನ್ನಿಗೆ ಕಟ್ಟಿ. ಏಳೇ ದಿನದಲ್ಲಿ ನೋವು ಮಾಯ.

ಡಾಕ್ಟರ್: ಕಟ್ಟಬೇಡಿ. ಮರಗಟ್ಟಿದ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಏಳುತ್ತದೆ. ಎಕ್ಕದ ಹಾಲು ಚರ್ಮ ಸುಡುತ್ತದೆ. ಹಸಿ ಗಾಯದ ಪಕ್ಕ ಇದೆಲ್ಲ ಯಾಕೆ? ಬರೆದವರು ಯಾರು ಅಂತಲೂ ನೋಡದೆ ಕಳಿಸುವುದನ್ನು ನಿಲ್ಲಿಸಿ.

ಚಿತ್ರದುರ್ಗ ಸದಸ್ಯ: ನಮ್ಮ ಅಜ್ಜಿ ಕಟ್ಟುತ್ತಿದ್ದರು.

ಮೈಸೂರು ಸದಸ್ಯ: ಅಜ್ಜಿಗೆ ಆಪರೇಷನ್ ಆಗಿತ್ತೇನ್ರಿ?

ತುಮಕೂರು ಸದಸ್ಯ: ಹೀಲಿಂಗ್ ಶುರುವಾದಮೇಲೆ ನರದ ನೋವಿನ ಮಾತ್ರೆ ಪ್ರೆಗಾಬಾಲಿನ್ ಬಿಡಬಹುದಾ?

ಡಾಕ್ಟರ್: ಒಮ್ಮೆಲೇ ಬಿಡಬೇಡಿ. ಬರೆದುಕೊಟ್ಟವರನ್ನು ಕೇಳಿ, ನಿಧಾನಕ್ಕೆ ಇಳಿಸಿ. ಹಾಸನದವರು ಎಲ್ಲಿ?

ಹಾಸನ ಸದಸ್ಯೆ: ಮೂತ್ರ ಸರಿಯಾಗಿದೆ, ಮರಗಟ್ಟಿಲ್ಲ, ಚಪ್ಪಲಿಯೂ ನಿಲ್ಲುತ್ತದೆ. ನಾಳೆ ಹೋಗೋಣ ಅಂತಿದ್ದಾರೆ. ಸಿಟ್ಟಿಂಗ್‌ಗೆ ದುಡ್ಡು ಕೊಟ್ಟಾಗಿದೆ.

ಡಾಕ್ಟರ್: ದುಡ್ಡು ಹೋದರೆ ಹೋಗಲಿ. ಇವತ್ತೇ ಅಂದೆ. ಡಿಸ್ಚಾರ್ಜ್ ಚೀಟಿ, ಹಳೇ ಎಂಆರ್‌ಐ ಎರಡೂ ಜೊತೆಗಿರಲಿ. ಹೊರಟ ಕೂಡಲೇ ಇಲ್ಲಿ ಹಾಕಿ.