ಸಹಾಯ ಬೇಕು: ಒಬ್ಬಳಿಗೇ ಎರಡು ಕ್ರೆಡಿಟ್ ಸ್ಕೋರು, ಬ್ಯಾಂಕ್ ಯಾವುದನ್ನು ನೋಡುತ್ತದೆ?

ಎಲ್ಲರಿಗೂ ನಮಸ್ಕಾರ. ಉಡುಪಿ, ಮಂಗಳೂರು ಕಡೆ ಇತ್ತೀಚೆಗೆ ಮನೆ ಸಾಲ ಮಾಡಿದವರು ದಯವಿಟ್ಟು ತಿಳಿಸಿ. ತಂಗಿಗಾಗಿ ಸಂತೆಕಟ್ಟೆ ಹತ್ತಿರ ಒಂದು ಫ್ಲ್ಯಾಟ್ ನೋಡಿದ್ದೇವೆ. ಅವಳ ಕ್ರೆಡಿಟ್ ಸ್ಕೋರು (ಸಾಲ ತೀರಿಸುವ ವಿಷಯದಲ್ಲಿ ಎಷ್ಟು ನಂಬಬಹುದು ಅಂತ ಹೇಳುವ ಅಂಕ) ಒಂದು ಕಂಪನಿಯಲ್ಲಿ 781, ಇನ್ನೊಂದರಲ್ಲಿ 704. ಎರಡೂ 300ರಿಂದ 900ರ ಒಳಗಿನ ಲೆಕ್ಕವೇ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಮ್ಮಲ್ಲಿ ಈ ಸ್ಕೋರು ಕೊಡುವ ನಾಲ್ಕು ಕಂಪನಿಗಳಿವೆ. ಒಬ್ಬೊಬ್ಬರ ಲೆಕ್ಕ ಒಂದೊಂದು ಥರ, ಸ್ವಲ್ಪ ಹೆಚ್ಚುಕಮ್ಮಿ ಇರುವುದು ಸಹಜ. ವರ್ಷಕ್ಕೊಮ್ಮೆ ಪ್ರತಿ ಕಂಪನಿಯಿಂದಲೂ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಅದನ್ನು ತೆಗೆಸಿ ನೋಡಿದಾಗಲೇ ವಿಷಯ ಗೊತ್ತಾಯಿತು. ಯಾವಾಗಲೋ ತೀರಿಸಿದ ಚಿನ್ನದ ಸಾಲ ಒಂದರಲ್ಲಿ ಮುಗಿದಿದೆ, ಇನ್ನೊಂದರಲ್ಲಿ ಈಗಲೂ ಬಾಕಿ! ಇದು ಲೆಕ್ಕದ ವ್ಯತ್ಯಾಸ ಅಲ್ಲ, ಮಾಹಿತಿಯೇ ತಪ್ಪು, ಅಲ್ವಾ?

ದೂರು ಕೊಟ್ಟ 30 ದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಹಾಗಾದರೆ ಮೊದಲು ಹಳೇ ಸಾಲದ ಬ್ಯಾಂಕಿಗೆ ಬರೆಯಬೇಕಾ, ಸ್ಕೋರು ಕೊಡುವ ಕಂಪನಿಗಾ? ಹೊಸ ಬ್ಯಾಂಕಿನವರು ಯಾರ ವರದಿ ನೋಡುತ್ತಾರೆ ಅಂತ ಮೊದಲೇ ಕೇಳಿದರೆ ಹೇಳುತ್ತಾರಾ? ಸುಮ್ನೆ ನಾಲ್ಕು ಕಡೆ ಅರ್ಜಿ ಹಾಕಲು ಭಯ, ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ. ಅನುಭವ ಇದ್ದವರು ಬೇಗ ತಿಳಿಸಿದರೆ ಉಪಕಾರ, ಫ್ಲ್ಯಾಟಿನವರು ಮುಂಗಡ ಕೇಳುತ್ತಿದ್ದಾರೆ.