ಆ ಫಾರ್ವರ್ಡ್‌ನಲ್ಲಿ ಅರ್ಧ ಕಥೆಯೇ ಇಲ್ಲ

ಗುಂಪು: ನಮ್ಮ ಮನೆ ಮಂದಿ
ಭಾನುವಾರ

ಶ್ರೀಧರ ಮಾವ, 7:12
(ಫಾರ್ವರ್ಡ್) 2000ನೇ ಇಸವಿ. ನೆಟ್‌ಫ್ಲಿಕ್ಸ್ ಎಂಬ, ಆಗ ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ಪುಟ್ಟ ಕಂಪನಿ ಸಿನಿಮಾ ಬಾಡಿಗೆಗೆ ಕೊಡುವ ಅಂಗಡಿಗಳ ಅಮೆರಿಕದ ದೈತ್ಯ ಬ್ಲಾಕ್‌ಬಸ್ಟರ್‌ನ ಬಾಗಿಲು ತಟ್ಟಿತು. 5 ಕೋಟಿ ಡಾಲರ್‌ಗೆ ನಮ್ಮನ್ನು ಕೊಂಡುಕೊಳ್ಳಿ ಎಂದಿತು. ದೈತ್ಯ ಒಪ್ಪಲಿಲ್ಲ. ಇಂದು ಆ ದೈತ್ಯ ಎಲ್ಲಿ? ಬದಲಾಗದವರು ಉಳಿಯುವುದಿಲ್ಲ! ಮಕ್ಕಳಿಗೂ ಓದಿಸಿ 🙏

ಸರೋಜತ್ತೆ, 7:20
👌👌

ರಘು, 7:41
ಸರಿಯಾದ ಮಾತು ಮಾವ. ನಮ್ಮ ಆಫೀಸಿನ ಟ್ರೈನಿಂಗ್‌ನಲ್ಲೂ ಇದೇ ಉದಾಹರಣೆ ಕೊಡುತ್ತಾರೆ. 2004ರಲ್ಲಿ 9,000ಕ್ಕೂ ಜಾಸ್ತಿ ಅಂಗಡಿ ಇತ್ತು. 2010ರಲ್ಲಿ ದಿವಾಳಿ.

ವಿನುತಾ, 8:03
ಮಾವ, ಬೇಜಾರು ಮಾಡಿಕೊಳ್ಳಬೇಡಿ. ಈ ಫಾರ್ವರ್ಡ್ ಬಂದಾಗಲೆಲ್ಲ ನಾನು ಸುಮ್ನೆ ಇದ್ದುಬಿಡುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ. ಆ 5 ಕೋಟಿ ಡಾಲರ್ ಮಾತುಕತೆ ನಡೆದದ್ದು ನಿಜ. ಆದರೆ ಬ್ಲಾಕ್‌ಬಸ್ಟರ್ ಬದಲಾಗಲೇ ಇಲ್ಲ ಅನ್ನುವುದು ನಿಜವಲ್ಲ.

ರಘು, 8:05
ಅಕ್ಕ, ಅದು ಇಡೀ ಜಗತ್ತಿಗೆ ಗೊತ್ತಿರುವ ವಿಷಯ.

ವಿನುತಾ, 8:19
ಗೊತ್ತಿರುವುದು ಒಂದು ಸಾಲು ಅಷ್ಟೇ ಕಣೋ. 2004ರಲ್ಲೇ ಅವರು ಅಂಚೆಯಲ್ಲಿ ಡಿವಿಡಿ ಕಳಿಸುವ ಸೇವೆ ಶುರು ಮಾಡಿದ್ದರು. ಆಮೇಲೆ ಟೋಟಲ್ ಆಕ್ಸೆಸ್ ಅಂತ ಒಂದು ಯೋಜನೆ ತಂದರು. ಅಂಚೆಯಲ್ಲಿ ಬಂದ ಡಿಸ್ಕನ್ನು ಹತ್ತಿರದ ಅಂಗಡಿಗೆ ಕೊಟ್ಟರೆ ಅಲ್ಲೇ ಇನ್ನೊಂದು ಸಿನಿಮಾ ಉಚಿತ. ನೆಟ್‌ಫ್ಲಿಕ್ಸ್‌ಗೆ ಅಂಗಡಿಯೇ ಇರಲಿಲ್ಲ, ಅದು ಏನು ಮಾಡೀತು? 2007ರಲ್ಲಿ ಮೂರು ತಿಂಗಳ ಮಟ್ಟಿಗೆ ನೆಟ್‌ಫ್ಲಿಕ್ಸ್‌ನ ಚಂದಾದಾರರು ಕಡಿಮೆಯಾದರು. ಇದು ಆ ಫಾರ್ವರ್ಡ್‌ನಲ್ಲಿ ಯಾಕಿಲ್ಲ?

ಮೇಘನಾ, 8:24
ಅತ್ತೆ, ಹಾಗಾದರೆ ಯಾಕೆ ಸೋತರು?

ವಿನುತಾ, 8:37
ಒಳಗಿನ ಜಗಳ ಪುಟ್ಟಿ. ಕಾರ್ಲ್ ಐಕಾನ್ ಅನ್ನುವ ದೊಡ್ಡ ಹೂಡಿಕೆದಾರ ಷೇರು ಕೊಂಡು ಬೋರ್ಡಿಗೆ ಬಂದರು. ಸಿಇಒ ಜಾನ್ ಆಂಟಿಯೊಕೊಗೂ ಅವರಿಗೂ ಆಗಲಿಲ್ಲ. ಬೋನಸ್ ವಿಚಾರಕ್ಕೆ ಜಗಳ ಜೋರಾಗಿ 2007ರಲ್ಲಿ ಆಂಟಿಯೊಕೊ ಹೊರಟರು. ಹೊಸದಾಗಿ ಬಂದವರು ಆನ್‌ಲೈನ್ ಕಡೆಗಿನ ಖರ್ಚು ಕಡಿತ ಮಾಡಿದರು, ದರ ಏರಿಸಿದರು. ಓಡುತ್ತಿದ್ದ ಕುದುರೆಯ ಕಾಲನ್ನು ಮನೆಯವರೇ ಕಟ್ಟಿದರು.

ರಘು, 8:44
ಆ ಕುದುರೆ ನಷ್ಟದಲ್ಲಿ ಓಡುತ್ತಿತ್ತು ಅಕ್ಕ. ಉಚಿತವಾಗಿ ಕೊಡುತ್ತಿದ್ದ ಪ್ರತಿ ಸಿನಿಮಾಕ್ಕೂ ಕಂಪನಿ ಕೈಯಿಂದ ದುಡ್ಡು ಹೋಗುತ್ತಿತ್ತು. ಎಷ್ಟು ದಿನ ಅಂತ ಹಾಗೆ ನಡೆಸುವುದು? ಅದೂ ಅಲ್ಲದೆ ಜನ ಮೊದಲೇ ಆ ಅಂಗಡಿಗಳ ಮೇಲೆ ಸಿಟ್ಟಾಗಿದ್ದರು. 2000ರಲ್ಲಿ ಬರೀ ಲೇಟ್ ಫೀಯಿಂದ, ಅಂದರೆ ತಡವಾಗಿ ವಾಪಸ್ ಕೊಟ್ಟವರ ದಂಡದಿಂದ, ಬಂದದ್ದು ಸುಮಾರು 80 ಕೋಟಿ ಡಾಲರ್. ಒಟ್ಟು ಆದಾಯದ ಶೇ. 16ರ ಹತ್ತಿರ. ಗಿರಾಕಿಗೆ ದಂಡ ಹಾಕಿ ಬದುಕುವ ವ್ಯಾಪಾರ ಅದು.

ಸರೋಜತ್ತೆ, 8:46
ಹೌದಲ್ಲ ವಿನುತಾ, ನೀನು ಅಮೆರಿಕದಲ್ಲಿ ಅಂಥ ಅಂಗಡಿಯಲ್ಲಿ ಕೆಲಸ ಮಾಡಿದ್ದೆ ಅಲ್ವಾ?

ವಿನುತಾ, 9:10
ಹೌದತ್ತೆ. ಒಹಾಯೋದಲ್ಲಿ, 2003ರಿಂದ ಎರಡು ವರ್ಷ. ನನಗೆ ಕೆಲಸದ ಪರ್ಮಿಟ್ ಬಂದ ಹೊಸತು. ಯಾವ ಕಂಪನಿ ಅಂತ ಇಲ್ಲಿ ಬೇಡ.

ರಘು ಲೇಟ್ ಫೀ ಬಗ್ಗೆ ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಸಂಜೆ ಇನ್ನೂ ಕಣ್ಣ ಮುಂದೆ ಇದೆ. ಒಬ್ಬಳು ತಾಯಿ, ಇಬ್ಬರು ಮಕ್ಕಳು. ಮಕ್ಕಳು ಅರ್ಧ ಗಂಟೆ ಹುಡುಕಿ ಒಂದೊಂದು ಕ್ಯಾಸೆಟ್ ಹಿಡಿದುಕೊಂಡು ಕೌಂಟರಿಗೆ ಬಂದವು. ಕಾರ್ಡ್ ಸ್ಕ್ಯಾನ್ ಮಾಡಿದರೆ ಹಳೆಯ ಬಾಕಿ 20 ಡಾಲರ್‌ಗಿಂತ ಜಾಸ್ತಿ ತೋರಿಸಿತು. ಅದನ್ನು ಕಟ್ಟುವವರೆಗೆ ಹೊಸದು ಕೊಡುವ ಹಾಗಿಲ್ಲ. ಮ್ಯಾನೇಜರ್ ತಲೆ ಅಲ್ಲಾಡಿಸಿದರು. ಆ ತಾಯಿ ಏನೂ ಮಾತಾಡಲಿಲ್ಲ. ಮಕ್ಕಳ ಕೈಯಿಂದ ಎರಡೂ ಕ್ಯಾಸೆಟ್ ತೆಗೆದು ಕೌಂಟರ್ ಮೇಲೆ ನೇರವಾಗಿ ಜೋಡಿಸಿಟ್ಟು ಹೋದಳು. ಮತ್ತೆ ನಾನು ಅವಳನ್ನು ಅಲ್ಲಿ ನೋಡಲಿಲ್ಲ. ಮಾಡಿದ್ದು ನಾನೇ ಅನ್ನುವ ಸಂಕಟ ಇವತ್ತಿಗೂ ಇದೆ.

ಆದರೆ ಅದೇ ಕೌಂಟರಿಗೆ ಪ್ರತಿ ಮಂಗಳವಾರ ಒಬ್ಬರು ವಯಸ್ಸಾದವರು ಬರುತ್ತಿದ್ದರು. ಅಲ್ಲಿ ಹೊಸ ಸಿನಿಮಾ ಅಂಗಡಿಗೆ ಬರುವುದು ಮಂಗಳವಾರ. ಅವರಿಗೆ ಹೊಸದು ಬೇಡ. ಎಲ್ಲರೂ ಹೊಸದರ ಗೋಡೆಯ ಹತ್ತಿರ ನಿಂತಿರುವಾಗ ಅವರು ಹಿಂದಿನ ಸಾಲಿನಲ್ಲಿ ಕಪ್ಪುಬಿಳುಪು ಹುಡುಕುತ್ತಿದ್ದರು. ನಾನು ಬೆಳಿಗ್ಗೆ ಡ್ರಾಪ್ ಬಾಕ್ಸ್ (ಗಿರಾಕಿಗಳು ವಾಪಸ್ ಹಾಕುವ ಡಬ್ಬಿ) ಖಾಲಿ ಮಾಡುವಾಗ ಅವರಿಗೆ ಇಷ್ಟವಾಗಬಹುದಾದ ಒಂದನ್ನು ಎತ್ತಿ ಇಡುತ್ತಿದ್ದೆ. ಡಿಸ್ಕ್ ಆದರೆ ಬೆಳಕಿಗೆ ಹಿಡಿದು ಗೀರು ಇದೆಯಾ ನೋಡುವುದು, ಬಟ್ಟೆಯಲ್ಲಿ ಒರೆಸುವುದು. ಕ್ಯಾಸೆಟ್ ಆದರೆ ರಿವೈಂಡ್ ಮಾಡುವುದು. ಹೇಗಿತ್ತು ಅಂತ ಮುಂದಿನ ವಾರ ಬಂದು ಹೇಳುತ್ತಿದ್ದರು. ನನ್ನ ಇಂಗ್ಲಿಷ್ ಸರಾಗವಾದದ್ದೇ ಅವರ ಜತೆ ಮಾತಾಡಿ.

ಶ್ರೀಧರ ಮಾವ, 9:16
ಇದೆಲ್ಲ ನೀನು ನಮಗೆ ಹೇಳಿಯೇ ಇರಲಿಲ್ಲ ಕಣಮ್ಮಾ.

ರಘು, 9:21
ಚೆನ್ನಾಗಿದೆ ಅಕ್ಕ. ಆದರೆ ಇದು ನೆನಪು. ವ್ಯಾಪಾರ ನೆನಪಿನ ಮೇಲೆ ನಡೆಯಲ್ಲ. ಮನೆಯಲ್ಲೇ ಕೂತು ನೋಡುವ ಅನುಕೂಲ ಸಿಕ್ಕಿತು, ಜನ ಅತ್ತ ಹೋದರು. ಇದರಲ್ಲಿ ಯಾರ ತಪ್ಪೂ ಇಲ್ಲ.

ವಿನುತಾ, 9:48
ಯಾರ ತಪ್ಪೂ ಇಲ್ಲ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಲೆಕ್ಕ ನೋಡು. 2004ರಲ್ಲಿ ಅದರ ಮಾಲೀಕ ಕಂಪನಿ ವಯಾಕಾಮ್ ಬ್ಲಾಕ್‌ಬಸ್ಟರನ್ನು ಬೇರೆ ಮಾಡಿತು. ಅದಕ್ಕೂ ಮೊದಲು ಬ್ಲಾಕ್‌ಬಸ್ಟರ್ ಸಾಲ ಎತ್ತಿ ಪ್ರತಿ ಷೇರಿಗೆ 5 ಡಾಲರ್ ಹಂಚಿತು. ಒಟ್ಟು ಸುಮಾರು 90 ಕೋಟಿ ಡಾಲರ್. ದೊಡ್ಡ ಪಾಲು ಹೋದದ್ದು ವಯಾಕಾಮ್‌ಗೇ. ಅಂಗಡಿಗೆ ಒಂದು ಹೊಸ ಶೆಲ್ಫ್ ಕೂಡ ಬರಲಿಲ್ಲ, ಸಾಲ ಮಾತ್ರ ಅಂಗಡಿಯ ಹೆಸರಲ್ಲಿ ಉಳಿಯಿತು. 2010ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಸಾಲ ಹೆಚ್ಚುಕಡಿಮೆ 100 ಕೋಟಿ. ಬದಲಾಗಬೇಕಾದ ವರ್ಷಗಳಲ್ಲಿ ಬಡ್ಡಿ ಕಟ್ಟುತ್ತಾ ಕೂತಿದ್ದರು.

ಇದೊಂದೇ ಅಲ್ಲ. ಆಟಿಕೆ ಅಂಗಡಿ ಟಾಯ್ಸ್ ಆರ್ ಅಸ್ ನೋಡು. ಕೆಕೆಆರ್, ಬೇನ್, ವೋರ್ನಾಡೊ ಅನ್ನುವ ಹೂಡಿಕೆ ಕಂಪನಿಗಳು ಸೇರಿ 2005ರಲ್ಲಿ 660 ಕೋಟಿ ಡಾಲರ್‌ಗೆ ಕೊಂಡರು. ಅದರಲ್ಲಿ ಬಹುಪಾಲು ಸಾಲ, ಅದೂ ಆಟಿಕೆ ಅಂಗಡಿಯ ತಲೆ ಮೇಲೆ. ವರ್ಷಕ್ಕೆ ಬಡ್ಡಿಯೇ ಸುಮಾರು 40 ಕೋಟಿ. 2018ರಲ್ಲಿ ಅಮೆರಿಕದ ಅಂಗಡಿಗಳೆಲ್ಲ ಮುಚ್ಚಿದಾಗ 30,000ಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಪರಿಹಾರ ಅಂತ ಮೊದಲು ಏನೂ ಇಲ್ಲ. ಜನ ಬೀದಿಗಿಳಿದು ಕೇಳಿದ ಮೇಲೆ ಕೆಕೆಆರ್, ಬೇನ್ ಇಬ್ಬರೂ ಸೇರಿ 2 ಕೋಟಿ ಡಾಲರ್ ಇಟ್ಟರು. ಇನ್ನು ಟಿವಿ, ಎಲೆಕ್ಟ್ರಾನಿಕ್ಸ್ ಮಾರುತ್ತಿದ್ದ ಸರ್ಕಿಟ್ ಸಿಟಿ. ಸಂಬಳ ಜಾಸ್ತಿ ಅಂತ 2007ರಲ್ಲಿ 3,400 ಅನುಭವಿ ನೌಕರರನ್ನು ತೆಗೆದರು. ಟಿವಿ ಬಗ್ಗೆ ಗಿರಾಕಿಗೆ ತಿಳಿಸಿ ಹೇಳಬಲ್ಲವರು ಅವರೇ ಆಗಿದ್ದರು. 2009ರ ಹೊತ್ತಿಗೆ ಅಂಗಡಿಗಳೇ ಇಲ್ಲ. ಇದೂ ಇಂಟರ್ನೆಟ್ ಮಾಡಿದ್ದಾ?

ರಘು, 9:57
ಬಾರ್ಡರ್ಸ್ ಪುಸ್ತಕದಂಗಡಿ? 2001ರಲ್ಲಿ ತನ್ನ ಆನ್‌ಲೈನ್ ವ್ಯಾಪಾರವನ್ನೇ ಅಮೆಜಾನ್ ಕೈಗೆ ಕೊಟ್ಟಿತು. 2011ರಲ್ಲಿ ಮುಚ್ಚಿತು. ಎಲ್ಲ ಸಾಮಾನು ಮಾರುವ ಸಿಯರ್ಸ್? 1993ರಲ್ಲಿ ಮನೆಯಿಂದಲೇ ಆರ್ಡರ್ ಮಾಡುವ ಕ್ಯಾಟಲಾಗ್ ನಿಲ್ಲಿಸಿತು, ಮರುವರ್ಷವೇ ಅಮೆಜಾನ್ ಹುಟ್ಟಿತು. ಇವು ಕಣ್ಣು ಮುಚ್ಚಿ ಕೂತಿದ್ದಕ್ಕೆ ಸಾಕ್ಷಿ ಅಲ್ವಾ?

ವಿನುತಾ, 10:06
ಬಾರ್ಡರ್ಸ್ ಒಪ್ಪಿದೆ. ಸಿಯರ್ಸ್ ಅರ್ಧ ಮಾತ್ರ. 2015ರಲ್ಲಿ ತನ್ನ 200ಕ್ಕೂ ಹೆಚ್ಚು ಜಾಗಗಳನ್ನು ಬೇರೊಂದು ಕಂಪನಿಗೆ ಮಾರಿತು. ಆಮೇಲೆ ಅಲ್ಲಿದ್ದ ತನ್ನ ಅಂಗಡಿಗಳಿಗೇ ಬಾಡಿಗೆ ಕಟ್ಟುವ ಸ್ಥಿತಿ.

ಇದಕ್ಕೆ ಉಲ್ಟಾ ಉದಾಹರಣೆ ಫ್ಯಾಮಿಲಿ ವಿಡಿಯೊ ಅನ್ನುವ ಬಾಡಿಗೆ ಅಂಗಡಿಗಳು. ಕಟ್ಟಡಗಳು ಸ್ವಂತದ್ದು. ಪಕ್ಕದ ಭಾಗವನ್ನು ಪಿಜ್ಜಾದವರಿಗೆ ಬಾಡಿಗೆಗೆ ಕೊಡುತ್ತಿತ್ತು. ದೊಡ್ಡವರೆಲ್ಲ ಹೋದ ಮೇಲೂ ಅದು 2021ರವರೆಗೆ ನಡೆಯಿತು.

ರಘು, 10:09
ಕೊನೆಗೆ ಅದೂ ಮುಚ್ಚಿತು.

ವಿನುತಾ, 10:12
ಮುಚ್ಚಿತು. ಆದರೆ ದೊಡ್ಡವರಿಗಿಂತ ಎಷ್ಟೋ ವರ್ಷ ಹೆಚ್ಚು ಕಾಲ ನಡೆದು, ನೌಕರರಿಗೆ ಸಂಬಳ ಕೊಟ್ಟು ಮುಚ್ಚಿತು. ಆ ಕೌಂಟರ್‌ನಲ್ಲಿ ನಿಂತವರಿಗೆ ಅದು ಸಣ್ಣ ವಿಷಯ ಅಲ್ಲ ರಘು.

ಮೇಘನಾ, 10:20
ಅತ್ತೆ, ನಾನು ಹೋದ ತಿಂಗಳು ಒಂದು ಹಳೆಯ ಸಿನಿಮಾ ಅರ್ಧ ನೋಡಿದ್ದೆ. ಈಗ ಆ್ಯಪ್‌ನಲ್ಲಿ ಅದೇ ಇಲ್ಲ. ಅಂಗಡಿಗಳಲ್ಲೂ ಹೀಗೆ ಆಗುತ್ತಿತ್ತಾ?

ವಿನುತಾ, 10:33
ನಾನು ಅಂಗಡಿ ಬೇಕಿತ್ತು ಅನ್ನುವುದು ಇದಕ್ಕೇ ಪುಟ್ಟಿ. ಅಮೆರಿಕದ ಕಾನೂನಿನಲ್ಲಿ ಸಿನಿಮಾದ ಡಿಸ್ಕ್ ಒಮ್ಮೆ ಕೊಂಡರೆ ಅದು ನಿನ್ನದು. ಬಾಡಿಗೆಗೆ ಕೊಡಲು ಸ್ಟುಡಿಯೋವನ್ನು ಕೇಳಬೇಕಾಗಿಲ್ಲ. ಮೊದಲ ಮಾರಾಟದ ನಿಯಮ ಅಂತ ಅದಕ್ಕೆ. ಸಣ್ಣ ಬಂಡವಾಳದವನೂ ವಿಡಿಯೊ ಅಂಗಡಿ ಇಡಲು ಆದದ್ದು ಅದರಿಂದ. ಸ್ಟ್ರೀಮಿಂಗ್‌ನಲ್ಲಿ ಹಾಗಿಲ್ಲ. ಪ್ರತಿ ಸಿನಿಮಾಕ್ಕೂ ಹಕ್ಕುದಾರರ ಲೈಸೆನ್ಸ್ ಬೇಕು. ಗಡುವು ಮುಗಿದ ದಿನ ಸಿನಿಮಾ ಹೊರಟುಹೋಗುತ್ತದೆ. ಅಂಗಡಿಯ ಹಿಂದಿನ ಸಾಲಿನಲ್ಲಿ ಧೂಳು ಹಿಡಿದ ಪೆಟ್ಟಿಗೆ ಇತ್ತು ಅಂದರೆ ಅದು ಇತ್ತು. ಅದನ್ನು ಯಾರೂ ದೂರದಿಂದ ಅಳಿಸಲು ಆಗುತ್ತಿರಲಿಲ್ಲ. ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಡಿಸ್ಕ್ ಕಳಿಸುವುದನ್ನು ನಿಲ್ಲಿಸಿತು.

ಮೇಘನಾ, 10:35
ಈಗ ಅಂಥ ಅಂಗಡಿ ಒಂದೂ ಇಲ್ವಾ?

ವಿನುತಾ, 10:41
ಇದೆ. ಸಿಯಾಟಲ್‌ನಲ್ಲಿ ಸ್ಕೇರ್‌ಕ್ರೋ ವಿಡಿಯೊ. 2014ರಿಂದ ಲಾಭಕ್ಕಲ್ಲದ ಸಂಸ್ಥೆಯಾಗಿ ನಡೆಯುತ್ತಿದೆ. 1,40,000ಕ್ಕೂ ಹೆಚ್ಚು ಸಿನಿಮಾ ಇಟ್ಟಿದೆ. ಬ್ಲಾಕ್‌ಬಸ್ಟರ್ ಹೆಸರಿನದ್ದೂ ಒಂದು ಉಳಿದಿದೆ, ಒರೆಗಾನ್‌ನ ಬೆಂಡ್ ಊರಿನಲ್ಲಿ.

ರಘು, 10:44
ಸಾಲದ ವಿಷಯ ನನಗೆ ಇಷ್ಟು ಗೊತ್ತಿರಲಿಲ್ಲ. ಆದರೂ ಸಾಲ ಇಲ್ಲದಿದ್ದರೂ ಅಷ್ಟೊಂದು ಅಂಗಡಿ ಉಳಿಯುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ವಿನುತಾ, 10:46
9,000 ಉಳಿಯುತ್ತಿರಲಿಲ್ಲ. 900 ಉಳಿಯಬಹುದಿತ್ತು.

ಶ್ರೀಧರ ಮಾವ, 10:52
ನಾನು ಇದನ್ನು ಇನ್ನೂ ಎರಡು ಗುಂಪಿಗೆ ಹಾಕಿದ್ದೇನೆ. ವಿನುತಾ, ನೀನು ಬರೆದದ್ದನ್ನೂ ಅಲ್ಲಿಗೆ ಹಾಕಲಾ?

ವಿನುತಾ, 10:54
ಹಾಕಿ ಮಾವ. ಆ ತಾಯಿಯ ವಿಷಯ ಮಾತ್ರ ಬಿಡಬೇಡಿ.